ಕಟ್ಟಡದ ಕೆಲಸ ಯಾವ ಪದ್ಧತಿಯಲ್ಲಿ ಕೊಡಬೇಕು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿರುವ ಸಿವಿಲ್ ಎಂಜಿನಿಯರ್. ಗುತ್ತಿಗೆದಾರ ಅಲ್ಲ. ಕಟ್ಟಿಸುವವರ ಪರವಾಗಿ ಎಸ್ಟಿಮೇಟ್ ಮಾಡುವುದು, ದರಪಟ್ಟಿ ತರಿಸಿ ಹೋಲಿಸುವುದು, ಬಿಲ್ ಬಂದಾಗ ಟೇಪ್ ಹಿಡಿದು ಅಳೆಯುವುದು ನನ್ನ ಕೆಲಸ. ಮನೆ, ಶಾಲೆ, ಕಲ್ಯಾಣ ಮಂಟಪ, ಗೋದಾಮು, ಹೀಗೆ ಏನೇ ಕಟ್ಟಿಸುವವರಿದ್ದರೂ ಫೋನ್ ಮಾಡಿದ ಕೂಡಲೇ ಕೇಳುವುದು ಒಂದೇ: "ಸರ್, ಚದರಡಿಗೆ ಈಗ ಎಷ್ಟು ನಡೆದಿದೆ?" ಆ ಪ್ರಶ್ನೆಗೆ ಇಲ್ಲಿ ಉತ್ತರ ಇಲ್ಲ. ಅದಕ್ಕಿಂತ ಮೊದಲು ಕೇಳಬೇಕಾದವು ಇಲ್ಲಿವೆ.

ಪದ್ಧತಿ ಗಿದ್ಧತಿ ಯಾಕೆ? ಒಳ್ಳೆ ಗುತ್ತಿಗೆದಾರ ಸಿಕ್ಕರೆ ಸಾಕಲ್ವಾ?

ಒಳ್ಳೆಯವನು ಸಿಕ್ಕರೆ ಅರ್ಧ ಕೆಲಸ ಆದಂತೆಯೇ, ಒಪ್ಪುತ್ತೇನೆ. ಆದರೆ ಇಬ್ಬರು ಒಳ್ಳೆಯವರ ನಡುವೆ ಆದ ಜಗಳಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಅವೆಲ್ಲ ನಾಲ್ಕೇ ವಿಷಯಕ್ಕೆ ಶುರುವಾಗುತ್ತವೆ. ಪಾಯ ಅಂದುಕೊಂಡಿದ್ದಕ್ಕಿಂತ ಆಳ ಹೋದರೆ ಯಾರ ದುಡ್ಡು? ಸಿಮೆಂಟ್, ಸ್ಟೀಲ್ ದರ ಏರಿದರೆ ಯಾರ ದುಡ್ಡು? ನಕ್ಷೆಯಲ್ಲೇ ತಪ್ಪಿದ್ದರೆ ಯಾರ ತಲೆಗೆ? ನಡುವೆ ಮನೆಯವರು ಮನಸ್ಸು ಬದಲಿಸಿದರೆ ಲೆಕ್ಕ ಹೇಗೆ? ಈ ನಾಲ್ಕಕ್ಕೂ ಕೆಲಸ ಶುರುವಾಗುವ ಮೊದಲೇ ಉತ್ತರ ಬರೆದಿಡುವುದನ್ನೇ ಪದ್ಧತಿ ಅನ್ನುವುದು.

ನಮ್ಮ ಕಡೆ ಯಾವ ಯಾವ ಪದ್ಧತಿ ಚಾಲ್ತಿಯಲ್ಲಿವೆ?

ಮೊದಲನೆಯದು ಲೇಬರ್ ಕಾಂಟ್ರ್ಯಾಕ್ಟ್. ಉಸುಕು, ಕಡಿ, ಸಿಮೆಂಟ್, ಸ್ಟೀಲ್ ಎಲ್ಲ ನೀವೇ ತರಿಸಿಕೊಡುತ್ತೀರಿ, ಗೌಂಡಿ ಮತ್ತವನ ಆಳುಗಳು ಕಟ್ಟುತ್ತಾರೆ. ಎರಡನೆಯದು ವಿತ್ ಮಟೀರಿಯಲ್. ಚದರಡಿಗೆ ಇಷ್ಟು ಅಂತ ಮಾತಾಡಿ ಎಲ್ಲ ಅವನಿಗೇ ಬಿಡುವುದು. ಇಲ್ಲಿ ಹೆಚ್ಚಿನ ಮನೆಗಳು ಏಳುವುದು ಈ ಎರಡರಲ್ಲೇ.

ಐಟಂ ರೇಟ್ ಅಂದರೆ ಅಗೆತ, ಕಾಂಕ್ರೀಟ್, ಇಟ್ಟಿಗೆ, ಗಿಲಾವು, ಹೀಗೆ ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ. ಎಷ್ಟು ಮಾಡಿದನೋ ಅಳೆದು ಅಷ್ಟಕ್ಕೆ ಬಿಲ್. ಲಂಪ್ ಸಮ್ ಅಂದರೆ ನಕ್ಷೆ ನೋಡಿ ಇಡೀ ಕಟ್ಟಡಕ್ಕೆ ಒಂದೇ ಮೊತ್ತ. ಖರ್ಚು ಪ್ಲಸ್ ಕಮಿಷನ್‌ನಲ್ಲಿ ಅವನು ಖರ್ಚಿನ ಬಿಲ್ ತೋರಿಸುತ್ತಾನೆ, ಅದರ ಮೇಲೆ ನೀವು ಇಂತಿಷ್ಟು ಕೊಡುತ್ತೀರಿ. ಟರ್ನ್‌ಕೀ ಅಂದರೆ ಡಿಸೈನೂ ಅವನದೇ, ಕಟ್ಟುವುದೂ ಅವನದೇ, ನಿಮಗೆ ಕೊನೆಗೆ ಬೀಗದ ಕೈ.

ಇದರಲ್ಲಿ ಯಾವುದು ಅಗ್ಗ?

ಯಾವುದೂ ಅಲ್ಲ. ನಿಮ್ಮ ನಕ್ಷೆ ಎಷ್ಟು ಪಕ್ಕಾ ಆಗಿದೆ, ನೀವು ಸೈಟಿಗೆ ದಿನಾ ಹೋಗಬಲ್ಲಿರಾ, ಇದನ್ನು ನೋಡಿ ಹೇಳಬೇಕು. ನಕ್ಷೆ, ಸ್ಟ್ರಕ್ಚರಲ್ ಡ್ರಾಯಿಂಗ್, ಟೈಲ್ಸ್‌ನಿಂದ ನಲ್ಲಿವರೆಗಿನ ಪಟ್ಟಿ ಎಲ್ಲ ಮುಗಿದಿದ್ದರೆ ಲಂಪ್ ಸಮ್ ಕೊಡಿ, ನಿಶ್ಚಿಂತೆ. "ಮೇಲಿನ ಮಹಡಿ ಆಮೇಲೆ ನೋಡೋಣ" ಅನ್ನುವ ಹಂತದಲ್ಲೇ ಇದ್ದರೆ ಐಟಂ ರೇಟ್. ಅರ್ಧ ನಕ್ಷೆಗೆ ಪೂರ್ತಿ ಮೊತ್ತ ಒಪ್ಪಿಕೊಂಡವರು ಉಳಿದರ್ಧಕ್ಕೆ ಎಕ್ಸ್‌ಟ್ರಾ ಕೊಟ್ಟೇ ಕೊಡುತ್ತಾರೆ. ಆಗ ಚೌಕಾಸಿ ಮಾಡುವ ಜಾಗವೇ ಇರುವುದಿಲ್ಲ. ಸೆಂಟ್ರಿಂಗ್, ಅಂದರೆ ಸ್ಲ್ಯಾಬಿಗೆ ಹಲಗೆಯ ಆಸರೆ, ಹೊಡೆದು ಆಗಿರುತ್ತದೆ.

ನಮ್ಮ ಪ್ಲಾಟ್ ನವಲಗುಂದ ರಸ್ತೆ ಕಡೆ, ಪೂರ್ತಿ ಎರೆಮಣ್ಣು. ಇದಕ್ಕೂ ಪದ್ಧತಿಗೂ ಏನು ಸಂಬಂಧ?

ಸಂಬಂಧ ಇರುವುದೇ ಇಲ್ಲಿ. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಹೋದರೆ ಕೆಂಪು ಮಣ್ಣು. ಮೂರು-ನಾಲ್ಕು ಅಡಿಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಹತ್ತಿದರೆ ಪಾಯ ಮುಗಿಯಿತು. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದ, ಗದಗ, ರೋಣದ ಕಡೆ ಎರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಆ ಉಬ್ಬರ-ಇಳಿತಕ್ಕೆ ಸಿಕ್ಕ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಹಾಗಾಗಿ ಗಟ್ಟಿ ನೆಲ ಸಿಗುವ ತನಕ ಅಗೆಯಬೇಕು. ಇಲ್ಲವೇ ಅಂಡರ್ ರೀಮ್ಡ್ ಪೈಲ್, ಅಂದರೆ ತಳದಲ್ಲಿ ಗಡಿಗೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ, ನೆಲದೊಳಗೆ ಹಾಕಬೇಕು. ಆಳವಾದ ಎರೆಯಲ್ಲಿ ಅದಕ್ಕೆ ಕಡಿಮೆ ಅಂದರೂ 3.5 ಮೀಟರ್ ಉದ್ದ ಇಡುವುದು ವಾಡಿಕೆ.

ಅಂದರೆ ಪ್ಲಿಂತ್ (ಪಾಯದ ಮೇಲೆ ಮನೆಯ ನೆಲ ಕೂರುವ ಮಟ್ಟ) ಕೆಳಗೆ ಎಷ್ಟು ಖರ್ಚು ಆಗುತ್ತದೆ ಅಂತ ಅಗೆಯುವ ತನಕ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಒಂದೇ ಮೊತ್ತ ಹೇಳು ಅಂದರೆ ಗುತ್ತಿಗೆದಾರ ಎರಡರಲ್ಲೊಂದು ಮಾಡುತ್ತಾನೆ. ಹೆದರಿ ಜಾಸ್ತಿ ಹೇಳುತ್ತಾನೆ. ಇಲ್ಲವೇ ಕಡಿಮೆ ಹೇಳಿ ನಡುವೆ ಕೈ ಎತ್ತುತ್ತಾನೆ.

ಈ ಪಾಠ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಕೆಲಸ ಶುರು ಮಾಡಿದ ಹೊಸತರಲ್ಲಿ ಅಣ್ಣಿಗೇರಿ ಹತ್ತಿರದ ಒಂದು ಹಳ್ಳಿಯಲ್ಲಿ ಸಮುದಾಯ ಭವನಕ್ಕೆ ಎಸ್ಟಿಮೇಟ್ ಮಾಡಿದ್ದೆ. ಪಕ್ಕದ ಮನೆಯವರು "ಐದಡಿಗೆ ಗರಸು ಬರ್ತದ್ರೀ" ಅಂದರು. ನಂಬಿದೆ. ಕುಣಿ ತೆಗೆಸಿ ನೋಡಲಿಲ್ಲ. ಐದಡಿಯನ್ನೇ ಬರೆದು ಲಂಪ್ ಸಮ್ ಮಾಡಿಸಿದೆ. ಆರಕ್ಕೂ ಎರೆ, ಎಂಟಕ್ಕೂ ಎರೆ. ಒಂಬತ್ತಡಿ ಕುಣಿಯೊಳಗೆ ನಿಂತು ಗುತ್ತಿಗೆದಾರ ಹಾರೆ ಹೊಡೆದು ತೋರಿಸಿದ. ಹಾರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮೇಲೆ ನಿಂತಿದ್ದ ಕಮಿಟಿಯವರು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕೆಲಸ ಮೂರು ತಿಂಗಳು ನಿಂತಿತು.

ಅವತ್ತಿನಿಂದ ಎರೆ ನೆಲದಲ್ಲಿ ನಾನು ಹೇಳುವುದು ಒಂದೇ: ಕರಾರನ್ನು ಪ್ಲಿಂತ್ ಹತ್ತಿರ ಎರಡಾಗಿ ಒಡೆಯಿರಿ. ಪ್ಲಿಂತ್ ಕೆಳಗೆ ಐಟಂ ರೇಟ್. ಆಳ ಎಷ್ಟೇ ಆಗಲಿ, ಅಳೆದು ದುಡ್ಡು. ಮೇಲಿನದು ಲಂಪ್ ಸಮ್ ಅಥವಾ ಚದರಡಿ. ಅದಕ್ಕೂ ಮೊದಲು ಪ್ಲಾಟಿನ ಎರಡು ಮೂಲೆಯಲ್ಲಾದರೂ ಜೆಸಿಬಿಯಿಂದ ಕುಣಿ ತೆಗೆಸಿ ನೋಡಿ. ಅರ್ಧ ದಿನದ ಬಾಡಿಗೆಯಲ್ಲಿ ಮುಗಿಯುವ ಕೆಲಸ.

ಚದರಡಿ ದರಕ್ಕೆ ಮಾತಾಡಿದ್ದೇವೆ. ಏನೇನು ಬರೆಸಿಕೊಳ್ಳಬೇಕು?

ಮೊದಲು, ಯಾವ ಚದರಡಿ? ಬಾಲ್ಕನಿ ಪೂರ್ತಿಯೋ ಅರ್ಧವೋ? ಪೋರ್ಟಿಕೊ? ಮೆಟ್ಟಿಲಿನ ಮೇಲಿನ ಕೋಣೆ? ಹೊರಚಾಚಿದ ಸಜ್ಜಾ? ಒಬ್ಬ ಒಳಗೆ ಅಳೆಯುತ್ತಾನೆ, ಇನ್ನೊಬ್ಬ ಸ್ಲ್ಯಾಬಿನ ಹೊರ ಅಂಚಿನಿಂದ ಅಳೆಯುತ್ತಾನೆ. 1200 ಚದರಡಿ ಅಂದುಕೊಂಡ ಮನೆ ಬಿಲ್‌ನಲ್ಲಿ ಇನ್ನೂರು ಚದರಡಿ ಉಬ್ಬಿ ಬರುವುದು ಹೀಗೆ.

ಎರಡನೆಯದು, ಯಾವುದು ದರದಲ್ಲಿ ಸೇರಿಲ್ಲ? ಕಂಪೌಂಡ್, ಗೇಟ್, ನೀರಿನ ಸಂಪ್, ಮೇಲಿನ ಟ್ಯಾಂಕ್, ಸೆಪ್ಟಿಕ್ ಟ್ಯಾಂಕ್, ಬೋರ್, ಕರೆಂಟ್ ಮೀಟರ್, ಕಿಟಕಿಯ ಗ್ರಿಲ್. ಹೆಚ್ಚಿನವರ ಚದರಡಿಯಲ್ಲಿ ಇವು ಇರುವುದಿಲ್ಲ. ಅವರೇನೂ ಮೋಸ ಮಾಡುತ್ತಿಲ್ಲ, ನೀವು ಕೇಳಿಲ್ಲ ಅಷ್ಟೆ.

ಮೂರನೆಯದು ಸಾಮಾನಿನ ಗುಣಮಟ್ಟ. "ಒಳ್ಳೆ ಟೈಲ್ಸ್" ಅಂತ ಬರೆಯಬೇಡಿ. "ಟೈಲ್ಸ್ ಅಂಗಡಿ ದರ ಚದರಡಿಗೆ ಇಷ್ಟು ರೂಪಾಯಿವರೆಗೆ, ಆಯ್ಕೆ ಮಾಲೀಕರದು" ಅಂತ ಬರೆಯಿರಿ. ಬಾಗಿಲ ಕಟ್ಟಿಗೆ, ನಲ್ಲಿ, ಸ್ವಿಚ್ ಎಲ್ಲಕ್ಕೂ ಹೀಗೇ. ಆಗ ನಿಮ್ಮನೆಯವರು ಅಂಗಡಿಯಲ್ಲಿ ದುಬಾರಿ ಟೈಲ್ಸ್ ಮೆಚ್ಚಿದರೆ ವ್ಯತ್ಯಾಸದ ಲೆಕ್ಕ ಅಲ್ಲೇ ಮುಗಿಯುತ್ತದೆ.

ಲೇಬರ್ ಕಾಂಟ್ರ್ಯಾಕ್ಟ್ ಕೊಟ್ಟರೆ ಉಳಿತಾಯ ಅಂತಾರೆ. ನಿಜವೇ?

ನಿಮಗೆ ಬಿಡುವಿದ್ದರೆ ನಿಜ. ಬೆಳಿಗ್ಗೆ ಎಂಟಕ್ಕೆ ಸೈಟಲ್ಲಿ ನಿಂತು, ಬಂದ ಉಸುಕು ಎಷ್ಟು ಬ್ರಾಸ್ ಅಂತ ಗಾಡಿ ಅಳೆದು, ಸಿಮೆಂಟ್ ಚೀಲ ಎಣಿಸಿ ಬೀಗ ಹಾಕುವ ಒಬ್ಬರು ಮನೆಯಲ್ಲಿ ಬೇಕು. ನಿವೃತ್ತರಾದ ಅಪ್ಪ ಅಥವಾ ಮಾವ ಇದ್ದರೆ ಈ ಪದ್ಧತಿ ಚೆನ್ನಾಗಿ ನಡೆಯುತ್ತದೆ. ಬ್ರಾಸ್ ಅಂದರೆ 100 ಘನ ಅಡಿ. ಗಾಡಿಯ ಉದ್ದ, ಅಗಲ, ಉಸುಕು ನಿಂತ ಎತ್ತರ ಅಡಿಯಲ್ಲಿ ಅಳೆದು ಗುಣಿಸಿ, ನೂರರಿಂದ ಭಾಗಿಸಿ. ಮೇಲಿನ ಗುಡ್ಡೆಯನ್ನು ಸಮ ಮಾಡಿಸಿಯೇ ಅಳೆಯಿರಿ.

ಬೆಂಗಳೂರಲ್ಲೋ ಪುಣೆಯಲ್ಲೋ ನೌಕರಿ ಮಾಡುತ್ತಾ ಹಾವೇರಿಯಲ್ಲಿ ಮನೆ ಕಟ್ಟಿಸುವವರು ದಯವಿಟ್ಟು ಲೇಬರ್ ಕಾಂಟ್ರ್ಯಾಕ್ಟ್ ಆಸೆ ಬಿಡಿ. ಸಾಮಾನು ಪೋಲಾದರೆ ನಿಮ್ಮದೇ ನಷ್ಟ, ಸಾಮಾನು ಬರದೆ ಆಳು ಕೂತರೂ ನಿಮ್ಮದೇ ನಷ್ಟ.

ಮೂರು ಕೊಟೇಶನ್ ತಗೊಂಡಿದ್ದೇವೆ. ಕಡಿಮೆ ಹೇಳಿದವನಿಗೆ ಕೊಡೋಣವೇ?

ಮೊತ್ತ ನೋಡಿ ಕೊಡಬೇಡಿ, ಒಳಗಿನ ದರ ನೋಡಿ. ಲೆಕ್ಕಕ್ಕಾಗಿ ಎರಡೇ ಐಟಂ ತಗೊಳ್ಳೋಣ. ಅಗೆತ 100 ಘನ ಮೀಟರ್, ಗಿಲಾವು 1000 ಚದರ ಮೀಟರ್. ಮೊದಲನೆಯವನು ಅಗೆತಕ್ಕೆ 600, ಗಿಲಾವಿಗೆ 230 ರೂಪಾಯಿ ಬರೆದ. ಒಟ್ಟು 2,90,000. ಎರಡನೆಯವನು ಅಗೆತಕ್ಕೆ 300, ಗಿಲಾವಿಗೆ 270. ಒಟ್ಟು 3,00,000. ಕಾಗದದ ಮೇಲೆ ಮೊದಲನೆಯವನು ಹತ್ತು ಸಾವಿರ ಅಗ್ಗ.

ಈಗ ಎರೆ ನೆಲದಲ್ಲಿ ಅಗೆತ 180 ಘನ ಮೀಟರ್ ಆಯಿತು ಅನ್ನಿ. ಮೊದಲನೆಯವನ ಬಿಲ್ 3,38,000. ಎರಡನೆಯವನದು 3,24,000. ಅಗ್ಗದವನೇ ಹದಿನಾಲ್ಕು ಸಾವಿರ ತುಟ್ಟಿಯಾದ. ಅಲ್ಲದೆ ಅಗೆತ ಮೊದಲು ಆಗುವ ಕೆಲಸ. ಅವನ ದುಡ್ಡು ಮೊದಲೇ ಕೈಗೆ ಬಂತು. ಕಡಿಮೆ ದರದ ಗಿಲಾವು ಬರುವ ಹೊತ್ತಿಗೆ ಅವನಿಗೆ ನಿಮ್ಮ ಸೈಟಿನ ಮೇಲೆ ಆಸಕ್ತಿ ಕಡಿಮೆಯಾಗಿರುತ್ತದೆ.

ಹೀಗೆ ದರ ಏರುಪೇರು ಮಾಡುವುದು ಹಳೇ ಆಟ. ಸರ್ಕಾರದ ಟೆಂಡರ್ ದಸ್ತಾವೇಜಿನಲ್ಲೂ ಇದಕ್ಕೆ ಷರತ್ತು ಇದೆ, ದರಗಳು ಎಸ್ಟಿಮೇಟ್‌ಗೆ ಹೋಲಿಸಿದರೆ ತೀರಾ ಏರುಪೇರಾಗಿದ್ದರೆ ಹೆಚ್ಚುವರಿ ಠೇವಣಿ ಕೇಳುತ್ತಾರೆ. ನೀವು ಅಷ್ಟೆಲ್ಲ ಮಾಡಬೇಕಿಲ್ಲ. ಕರೆದು ಕೂರಿಸಿ "ಅಗೆತಕ್ಕೆ ಇಷ್ಟ್ಯಾಕೆ?" ಅಂತ ಕೇಳಿ. ಉತ್ತರ ಹೇಳುವ ರೀತಿಯಲ್ಲೇ ಮನುಷ್ಯ ಗೊತ್ತಾಗುತ್ತಾನೆ.

ಐಟಂ ರೇಟ್‌ನಲ್ಲಿ ಅಳತೆ ಯಾರು ಮಾಡಬೇಕು?

ಇಬ್ಬರೂ ಸೇರಿ, ಮುಚ್ಚುವ ಮೊದಲು. ಪಾಯಕ್ಕೆ ಮಣ್ಣು ತುಂಬಿದ ಮೇಲೆ, ಸ್ಟೀಲ್ ಮೇಲೆ ಕಾಂಕ್ರೀಟ್ ಬಿದ್ದ ಮೇಲೆ ಅಳೆಯೋಕೆ ಏನೂ ಉಳಿದಿರುವುದಿಲ್ಲ. ಸ್ಟೀಲ್ ಲೆಕ್ಕ ಸುಲಭ. ಮಿಲಿಮೀಟರ್ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ. 12 ಎಂಎಂಗೆ 0.89 ಕೆಜಿ ಹತ್ತಿರ ಬರುತ್ತದೆ. ಗಿಲಾವಿನಲ್ಲಿ ಬಾಗಿಲು, ಕಿಟಕಿ ಕಳೆಯುವುದಕ್ಕೆ ಭಾರತೀಯ ಮಾನಕ 1200ರಲ್ಲಿ ನಿಯಮವೇ ಇದೆ: ಅರ್ಧ ಚದರ ಮೀಟರ್‌ವರೆಗಿನ ತೂತನ್ನು ಕಳೆಯುವಂತಿಲ್ಲ. "ಅಳತೆ ಆ ಮಾನಕದ ಪ್ರಕಾರ" ಅಂತ ಒಂದು ಸಾಲು ಕರಾರಿನಲ್ಲಿ ಹಾಕಿದರೆ ವಾದ ಅರ್ಧಕ್ಕರ್ಧ ಇಳಿಯುತ್ತದೆ.

ಸಿಮೆಂಟ್, ಸ್ಟೀಲ್ ದರ ಏರಿದರೆ?

ಸಹಿ ಹಾಕಿದ ದಿನದ ದರ ಕರಾರಿನಲ್ಲೇ ಬರೆದಿಡಿ. ಶೇ 5ಕ್ಕಿಂತ ಹೆಚ್ಚು ಏರಿದರೆ ವ್ಯತ್ಯಾಸ ನಿಮ್ಮದು, ಇಳಿದರೆ ಲಾಭವೂ ನಿಮ್ಮದು. ಏರಿದ್ದನ್ನು ಗುತ್ತಿಗೆದಾರರು ನೆನಪಿಸುತ್ತಾರೆ. ಇಳಿದದ್ದನ್ನು ನೀವೇ ನೆನಪಿಟ್ಟುಕೊಳ್ಳಬೇಕು.

ನಮ್ಮದು ಗದಗ ಜಿಲ್ಲೆಯ ಒಂದು ದೇವಸ್ಥಾನದ ಕಮಿಟಿ. ದೇಣಿಗೆ ಬಂದ ಹಾಗೆ ಕಟ್ಟಬೇಕು. ಹೇಗೆ ಕೊಡೋದು?

ನಿಮಗೆ ಐಟಂ ರೇಟ್ ಬಿಟ್ಟರೆ ಬೇರೆ ದಾರಿ ಇಲ್ಲ ಅನ್ನಿಸುತ್ತದೆ. ಜಾತ್ರೆಗೆ ದುಡ್ಡು ಬರುತ್ತದೆ, ಸುಗ್ಗಿಗೆ ಬರುತ್ತದೆ, ನಡುವೆ ಆರು ತಿಂಗಳು ಒಣ. ಲಂಪ್ ಸಮ್ ಕೊಟ್ಟು ಕಂತು ತಪ್ಪಿಸಿದರೆ ಗುತ್ತಿಗೆದಾರ ಸೆಂಟ್ರಿಂಗ್ ಬಿಚ್ಚಿಕೊಂಡು ಹೋಗುತ್ತಾನೆ. ವಾಪಸ್ ಬರುವಾಗ ಹಳೇ ದರಕ್ಕೆ ಬರುವುದಿಲ್ಲ. ಕೆಲಸವನ್ನು ನಿಲ್ಲಿಸಬಹುದಾದ ಹಂತಗಳಾಗಿ ಒಡೆಯಿರಿ: ಪ್ಲಿಂತ್‌ವರೆಗೆ, ಸ್ಲ್ಯಾಬ್‌ವರೆಗೆ, ಗಿಲಾವು, ನೆಲಹಾಸು. ಒಂದು ಹಂತದ ಪೂರ್ತಿ ದುಡ್ಡು ಬ್ಯಾಂಕಿನಲ್ಲಿದ್ದರೆ ಮಾತ್ರ ಆ ಹಂತಕ್ಕೆ ಕೈ ಹಾಕಿ.

ಭಕ್ತರು ಸಿಮೆಂಟ್, ಕಲ್ಲು, ಇಟ್ಟಿಗೆ ಅಂತ ಸಾಮಾನನ್ನೇ ಕೊಡುತ್ತಾರಲ್ಲ, ಅದನ್ನು ದರದಲ್ಲಿ ಹೇಗೆ ಕಳೆಯುವುದು ಅಂತ ಮೊದಲೇ ಬರೆಯಿರಿ. ಬಂದ ಚೀಲದ ಲೆಕ್ಕ ಒಬ್ಬರೇ ಇಡಬೇಕು. ಅಳತೆ ಪುಸ್ತಕವನ್ನು ಕಮಿಟಿಯ ಸಭೆಯಲ್ಲಿ ಓದಿ. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿ ಲೆಕ್ಕ ಇಟ್ಟ ಜಿಲ್ಲೆ ನಿಮ್ಮದು, ಹತ್ತು ಜನರ ಮುಂದೆ ಲೆಕ್ಕ ಒಪ್ಪಿಸುವುದು ನಿಮಗೆ ಹೊಸದೇನಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಕೋಲ್ಡ್ ಸ್ಟೋರೇಜ್ ಹಾಕಬೇಕು. ಗೌಂಡಿಗೆ ಕಟ್ಟಡ, ಬೇರೆಯವರಿಗೆ ಮಷಿನ್ ಕೊಡೋಣವೇ?

ಬೇಡ. ಇದು ಟರ್ನ್‌ಕೀಗೆ ಹೇಳಿ ಮಾಡಿಸಿದ ಕೆಲಸ. ನಿಮಗೆ ಬೇಕಾಗಿರುವುದು ಗೋಡೆಯಲ್ಲ, ತಂಪು. ಕೆಲಸ ಒಡೆದು ಕೊಟ್ಟರೆ, ತಂಪು ಹಿಡಿಯದಿದ್ದಾಗ ಮಷಿನ್‌ನವರು "ಗೋಡೆ ಸೋರುತ್ತಿದೆ" ಅನ್ನುತ್ತಾರೆ, ಗೋಡೆಯವರು "ಮಷಿನ್ ಸಣ್ಣದಾಯಿತು" ಅನ್ನುತ್ತಾರೆ. ನಡುವೆ ನಿಮ್ಮ ಕಾಯಿಯ ಬಣ್ಣ ಹೋಗುತ್ತದೆ. ಒಬ್ಬರಿಗೇ ಕೊಟ್ಟು ಕರಾರಿನಲ್ಲಿ ಫಲಿತಾಂಶ ಬರೆಯಿರಿ: ಇಷ್ಟು ಚೀಲ ತುಂಬಿದಾಗ, ಏಪ್ರಿಲ್-ಮೇ ಬಿಸಿಲಿನಲ್ಲಿ, ಇಷ್ಟು ಗಂಟೆಯಲ್ಲಿ ಇಷ್ಟು ಡಿಗ್ರಿಗೆ ಇಳಿಯಬೇಕು, ಕರೆಂಟ್ ಇಷ್ಟರೊಳಗೆ ಇರಬೇಕು. ಕೊನೆಯ ಕಂತನ್ನು ಆ ಬೇಸಿಗೆಯ ಪರೀಕ್ಷೆಗೇ ಕಟ್ಟಿಹಾಕಿ. ಡಿಸೆಂಬರ್ ಚಳಿಯಲ್ಲಿ ಪರೀಕ್ಷೆ ಮುಗಿಸಿ ದುಡ್ಡು ಕೊಟ್ಟರೆ ಪರೀಕ್ಷೆ ಮಾಡಿದ್ದು ವ್ಯರ್ಥ.

ಹುಬ್ಬಳ್ಳಿಯ ತಾರಿಹಾಳ, ಗಾಮನಗಟ್ಟಿ ಕೈಗಾರಿಕಾ ಪ್ರದೇಶದ ಕಡೆ ಹಾಕುವ ಕಬ್ಬಿಣದ ಶೆಡ್‌ಗಳಿಗೂ ಇದೇ ಮಾತು. ಒಂದೇ ಎಚ್ಚರ: ಶೆಡ್‌ನವರು ಬೋಲ್ಟ್‌ನಿಂದ ಮೇಲಿನದನ್ನು ಮಾತ್ರ ಒಪ್ಪಿಕೊಳ್ಳುವುದುಂಟು. ಕೆಳಗಿನ ಪಾಯ ಯಾರದು ಅಂತ ಕೇಳಿಕೊಳ್ಳಿ.

ಸರ್ಕಾರದ ಕೆಲಸದಲ್ಲಿ ಪದ್ಧತಿ ಯಾರು ಆರಿಸುತ್ತಾರೆ? ನಾವು ಹೊಸದಾಗಿ ಲೈಸೆನ್ಸ್ ಮಾಡಿಸಿದ ಗುತ್ತಿಗೆದಾರರು.

ಇಲಾಖೆ ಆರಿಸುತ್ತದೆ, ಆದರೆ ಮನಬಂದಂತೆ ಅಲ್ಲ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999 ಇದೆ. ಎಲ್ಲರ ಬಾಯಲ್ಲಿ ಕೆಟಿಪಿಪಿ. ಅದರ ನಿಯಮಗಳು 2000ದಲ್ಲಿ ಬಂದವು. ಟೆಂಡರ್ ಹಾಕುವುದು ಈಗ ಆನ್‌ಲೈನ್‌ನಲ್ಲಿ, ಕೆಪಿಪಿಪಿ ಪೋರ್ಟಲ್‌ನಲ್ಲಿ. ಸಾಮಾನ್ಯ ಕಟ್ಟಡ, ರಸ್ತೆಗಳಿಗೆ ಐಟಂ ರೇಟ್ ಇರುತ್ತದೆ, ಇಲ್ಲವೇ ಎಸ್‌ಆರ್ (ಇಲಾಖೆಯ ದರಪಟ್ಟಿ) ಆಧಾರದ ಎಸ್ಟಿಮೇಟ್ ಮೇಲೆ ಶೇಕಡಾ ಇಷ್ಟು ಹೆಚ್ಚು ಅಥವಾ ಕಡಿಮೆ ಅಂತ ಬರೆಯುವ ಪದ್ಧತಿ. ದೊಡ್ಡ ಕೆಲಸಕ್ಕೆ ಎರಡು ಲಕೋಟೆ. ಮೊದಲು ಅರ್ಹತೆ ನೋಡುತ್ತಾರೆ. ಅದರಲ್ಲಿ ಪಾಸಾದವರ ದರದ ಲಕೋಟೆ ಮಾತ್ರ ತೆರೆಯುತ್ತಾರೆ. ನಲವತ್ತು ಪುಟ ಓದದೆ ಇಎಂಡಿ (ಟೆಂಡರ್ ಜೊತೆ ಇಡುವ ಠೇವಣಿ) ಕಟ್ಟಿ, ಒಂದು ಪ್ರಮಾಣಪತ್ರ ಅಪ್‌ಲೋಡ್ ಮಾಡಲು ಮರೆತು ಮೊದಲ ಲಕೋಟೆಯಲ್ಲೇ ಉದುರುವವರು ಬಹಳ.

"4ಜಿ ವಿನಾಯಿತಿ" ಅಂತ ಕೇಳಿರುತ್ತೀರಿ. ಅದಕ್ಕೂ ಮೊಬೈಲಿಗೂ ಸಂಬಂಧ ಇಲ್ಲ. ಕಾಯ್ದೆಯ 4ನೇ ಸೆಕ್ಷನ್ನಿನ ಜಿ ಉಪವಿಭಾಗ ಅದು. ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್ ಇಲ್ಲದೆ ಕೆಲಸ ಕೊಡುವ ದಾರಿ. ತುರ್ತು ಇದ್ದಾಗ ಬೇಕಾಗುತ್ತದೆ. ತುರ್ತು ಅನ್ನುವ ಮಾತು ಎಷ್ಟು ಸಲ ಬಳಕೆಯಾಗುತ್ತದೆ ಅನ್ನುವುದು ಬೇರೆ ಕತೆ.

ಬಿಒಟಿ, ಹ್ಯಾಮ್, ಇಪಿಸಿ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅವು ಏನು?

ಇಪಿಸಿಯಲ್ಲಿ ಡಿಸೈನೂ ಕಟ್ಟುವುದೂ ಗುತ್ತಿಗೆದಾರನದು, ದುಡ್ಡು ಸರ್ಕಾರದ್ದು. ಬಿಒಟಿಯಲ್ಲಿ ಖಾಸಗಿಯವರೇ ದುಡ್ಡು ಹಾಕಿ ಕಟ್ಟಿ, ವರ್ಷಗಟ್ಟಲೆ ಟೋಲ್ ವಸೂಲಿ ಮಾಡಿ, ಆಮೇಲೆ ಬಿಟ್ಟುಕೊಡುತ್ತಾರೆ. ಹ್ಯಾಮ್ ನಡುವಿನದು. 2016ರಿಂದ ಹೆದ್ದಾರಿಗಳಲ್ಲಿ ಚಾಲ್ತಿಗೆ ಬಂತು. ಕಟ್ಟುವಾಗ ಸರ್ಕಾರ ಶೇ 40 ಕೊಡುತ್ತದೆ, ಉಳಿದದ್ದನ್ನು ವರ್ಷಗಳ ಕಂತಿನಲ್ಲಿ ತೀರಿಸುತ್ತದೆ.

ಬಿಒಟಿಯ ತೊಡಕು ನಮ್ಮೂರಲ್ಲೇ ಕಣ್ಣಿಗೆ ಕಾಣುತ್ತದೆ. ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಿಒಟಿಯಲ್ಲಿ ಕಟ್ಟಿದ ರಸ್ತೆ, ಸುಮಾರು 30 ಕಿ.ಮೀ. ಎರಡೂ ಕಡೆ ಹೆದ್ದಾರಿ ಅಗಲವಾಯಿತು, ನಡುವಿನ ಇದು ಬಹಳ ವರ್ಷ ದ್ವಿಪಥವಾಗಿಯೇ ಉಳಿದಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ದಾವಣಗೆರೆಯ ಹೆಣ್ಣುಮಕ್ಕಳು ಸತ್ತ ಅಪಘಾತ ಯಾರೂ ಮರೆತಿಲ್ಲ. ಅಗಲ ಮಾಡಿ ಅಂದಾಗೆಲ್ಲ ಒಪ್ಪಂದದ ಮಾತು ಅಡ್ಡ ಬರುತ್ತಿತ್ತು. ದೀರ್ಘ ಕರಾರು ಮಾಡಿಕೊಂಡವರಿಗೆ ನಡುವೆ ಅಗತ್ಯ ಬದಲಾದರೆ ಕೈಕಾಲು ಆಡುವುದಿಲ್ಲ. ವಾಹನ ಇಷ್ಟಕ್ಕೆ ಏರಿದರೆ ರಸ್ತೆ ಅಗಲ ಮಾಡಲೇಬೇಕು ಅನ್ನುವ ಷರತ್ತು ಮೊದಲ ದಿನವೇ ಇರಬೇಕು.

ಫಲಿತಾಂಶಕ್ಕೆ ದುಡ್ಡು ಕೊಡುವ ಪದ್ಧತಿಯೂ ಇಲ್ಲೇ ಸಿಗುತ್ತದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಶುರುವಾಯಿತಲ್ಲ, ಅಲ್ಲಿ ನಡೆಸುವವರ ಶುಲ್ಕದ ಒಂದು ಭಾಗವನ್ನು ಫಲಿತಾಂಶಕ್ಕೆ ಕಟ್ಟಿದ್ದರು. ಬ್ಯಾಡಗಿಯವರಿಗೆ ಮೇಲೆ ಹೇಳಿದ್ದೂ ಇದನ್ನೇ, ಸಣ್ಣ ಅಳತೆಯಲ್ಲಿ.

ಜಿಎಸ್‌ಟಿ ಯಾವುದಕ್ಕೆ ಎಷ್ಟು?

ಒಂದೇ ಮನೆ ಕಟ್ಟಲು ಬರೀ ಲೇಬರ್ ಕಾಂಟ್ರ್ಯಾಕ್ಟ್ ಕೊಟ್ಟರೆ ಅದಕ್ಕೆ ಜಿಎಸ್‌ಟಿ ಇಲ್ಲ. ಸಾಮಾನು ಸೇರಿಸಿ ಕೊಟ್ಟರೆ ಶೇ 18. ಕೊಟೇಶನ್‌ನಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ. ಟ್ರಸ್ಟ್‌ನವರು ಬಿಲ್‌ನಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿಯುವುದು ಮರೆಯಬೇಡಿ. ಇನ್ನು ಶೇ 1ರ ಕಾರ್ಮಿಕ ಕಲ್ಯಾಣ ಸೆಸ್. ಉಳಿದದ್ದು ನಿಮ್ಮ ಆಡಿಟರ್ ಕೆಲಸ.

ಮುಂಗಡ ಎಷ್ಟು ಕೊಡಬಹುದು? ಕೊನೆಗೆ ಎಷ್ಟು ಹಿಡಿಯಬೇಕು?

ಮುಂಗಡ ಒಂದು ಹಂತದ ಸಾಮಾನಿಗಾಗುವಷ್ಟು, ಜಾಸ್ತಿ ಬೇಡ. ಕಂತುಗಳು ಯಾವಾಗಲೂ ಆದ ಕೆಲಸಕ್ಕಿಂತ ಒಂದು ಹೆಜ್ಜೆ ಹಿಂದೆ ಇರಲಿ. ಪ್ರತಿ ಬಿಲ್‌ನಲ್ಲಿ ಶೇ 5 ಹಿಡಿದಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಕೊಡಿ. ಸ್ಲ್ಯಾಬ್ ಸೋರುವುದು, ಗೋಡೆ ಹಸಿ ಹಿಡಿಯುವುದು ಗೊತ್ತಾಗುವುದು ಮಳೆಯಲ್ಲೇ. ಆದರೆ ಮಳೆ ಕಳೆದ ಮೇಲೆ ಕೊಟ್ಟುಬಿಡಿ ಸ್ವಾಮಿ. ನೆಪ ಹೇಳಿ ಆ ದುಡ್ಡು ನುಂಗುವ ಮಾಲೀಕರೂ ಕಡಿಮೆ ಇಲ್ಲ.

ಗುತ್ತಿಗೆದಾರರು ನಮ್ಮ ಬೀಗರ ಕಡೆಯವರು. ಕರಾರುಪತ್ರ ಕೇಳೋಕೆ ಮುಜುಗರ. ಏನು ಮಾಡೋದು?

ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಬೀಗರಾದ್ದರಿಂದಲೇ ಕಾಗದ ಬೇಕು. ಹೊರಗಿನವನ ಜೊತೆ ಜಗಳವಾದರೆ ಬರೀ ದುಡ್ಡು ಹೋಗುತ್ತದೆ, ಇಲ್ಲಿ ಮಗಳ ತವರುಮನೆ ಓಡಾಟವೂ ನಿಲ್ಲುತ್ತದೆ. ನೀವಾಗಿ ಕೇಳಬೇಡಿ. "ಎಂಜಿನಿಯರ್ ಭಾಳ ಕಿರಿಕಿರಿ ಮನುಷ್ಯ ಮಾವ, ಕಾಗದ ಇಲ್ಲದೆ ಬಿಲ್‌ಗೆ ಸಹಿ ಹಾಕಲ್ಲ ಅಂತಾನೆ" ಅನ್ನಿ. ಎಷ್ಟೋ ಮನೆಗಳಲ್ಲಿ ಈಗಾಗಲೇ ನನಗೆ ಆ ಹೆಸರು ಬಂದಿದೆ, ಇನ್ನೊಂದು ಮನೆಯಲ್ಲಿ ಬಂದರೆ ಬರಲಿ.